ಅವಿರೋಧ ಆಯ್ಕೆ

ಹಾಲಿನ ಸೊಸೈಟಿ ಅಧ್ಯಕ್ಷ ಪುಟ್ಟಮಾದೇಗೌಡರು ಗುಮಾಸ್ತನನ್ನು ಕರೆದು ಅಪ್ಪಣೆ ಕೊಡಿಸಿದರು.

"ನಾನು ಸತ್ತರೂ ನನ್ನ ಫೇಸ್‌ಬುಕ್ ಸಾಯಬಾರದು. ಯಾರು ಹುಟ್ಟಲಿ, ಯಾರು ಗೆಲ್ಲಲಿ, ನನ್ನ ಹೆಸರಲ್ಲಿ ನೀನೇ ಶುಭಾಶಯ ಹಾಕ್ತಿರಬೇಕು. ಆಣೆ ಮಾಡು!"

ಬದುಕಿರುವ ಗೌಡರ ಪೇಜು ನೋಡಿಕೊಂಡೇ ಗುಮಾಸ್ತನಿಗೆ ಸಾಕುಸಾಕಾಗಿತ್ತು.

"ಆಗ್ಲಿ ಸಾರ್, ಮೊದಲನೇದನ್ನ ಈಗ್ಲೇ ಬರೆದಿಡ್ತೀನಿ," ಎಂದವನೇ ಮೊಬೈಲಿನಲ್ಲಿ ಬರೆದು ಓದಿದ: "ನನ್ನಿಂದ ತೆರವಾದ ಸ್ಥಾನಕ್ಕೆ ಅವಿರೋಧವಾಗಿ ಆಯ್ಕೆಯಾದ ಆತ್ಮೀಯ ಬೋರಲಿಂಗಣ್ಣನವರಿಗೆ ಹಾರ್ದಿಕ ಅಭಿನಂದನೆಗಳು."

ಸೊಸೈಟಿಯಲ್ಲಿ ತಮ್ಮ ಎದುರಾಳಿಯಾದ ಬೋರಲಿಂಗನ ಹೆಸರೆತ್ತಿದರೇ ಗೌಡರಿಗೆ ಆಗುತ್ತಿರಲಿಲ್ಲ. ಕುರ್ಚಿಯಿಂದ ನೆಗೆದು ನಿಂತರು.

"ಆ ಬೋರಲಿಂಗ ನನ್ನ ಕುರ್ಚೀಲಿ? ಅದೂ ಅವಿರೋಧವಾಗಿ?"

"ವಿರೋಧ ಮಾಡ್ತಿದ್ದೋರು ನೀವೊಬ್ರೇ ಸಾರ್. ನೀವೇ ಇಲ್ವಲ್ಲ!"

"ಸತ್ತ ಮೇಲೂ ಅವನಿಗೆ ನನ್ನ ಒಂದು ಲೈಕೂ ಸಿಗಬಾರದು! ಪೇಜೂ ನನ್ನ ಜೊತೇಲೇ ಸಾಯ್ಲಿ!"

"ಅಪ್ಪಣೆ ಸಾರ್," ಎಂದ ಗುಮಾಸ್ತ, ನಗು ನುಂಗಿಕೊಂಡು.