ನವಿಲಿನ ಗಂಟಲಲ್ಲಿ ಬಿದಿರ ಸಿಬಿರು

ಭೂಮಿಯ ಹಸಿ ಇನ್ನೂ ಆರಿರದ ಕಾಲ ಅದು. ಗುಡ್ಡದ ಮೇಲೆ ಕೂತು ಎದ್ದರೆ ಬಟ್ಟೆಗೆ ಅರ್ಧ ಗುಡ್ಡವೇ ಅಂಟಿಕೊಂಡು ಬರುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಹಳ್ಳ ಮಾತಾಡುತ್ತಿತ್ತು. ಕಲ್ಲುಗಳು ಮಾತ್ರ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವು.

ಆಗ ನವಿಲಿನಷ್ಟು ಇಂಪಾದ ದನಿ ಯಾರಿಗೂ ಇರಲಿಲ್ಲ. ನಗಬೇಡ, ನಿಜ ಹೇಳುತ್ತಿದ್ದೇನೆ. ನವಿಲು ಕೂಗಿದರೆ ಅಳುವ ಕೂಸು ಅಳು ಮರೆಯುತ್ತಿತ್ತು. ಮೇಯುವ ಹಸು ಹುಲ್ಲನ್ನು ಬಾಯಲ್ಲೇ ಇಟ್ಟುಕೊಂಡು ನಿಲ್ಲುತ್ತಿತ್ತು. ಕೋಗಿಲೆ ಕೂಡ ನವಿಲಿನ ಹತ್ತಿರ ಪಾಠಕ್ಕೆ ಹೋಗುತ್ತಿತ್ತು ಅನ್ನುತ್ತಾರೆ. ಅದನ್ನು ಮಾತ್ರ ನಾನು ನಂಬುವುದಿಲ್ಲ. ಕೋಗಿಲೆಯ ಜಂಬಕ್ಕೆ ಯಾರ ಹತ್ತಿರ ಪಾಠ?

ಹಳ್ಳದ ದಂಡೆಯ ಮೇಲೆ ಕೆಂಚವ್ವ ಎಂಬಾಕೆ ಇದ್ದಳು. ಬಿದಿರು ಸೀಳಿ ಬುಟ್ಟಿ ಹೆಣೆಯುವುದು ಅವಳ ಕಸುಬು. ಅವಳಿಗೆ ಒಬ್ಬಳೇ ಮಗಳು, ಹೆಸರು ಹೊನ್ನಿ. ಹೊನ್ನಿ ಪೊದೆಯಲ್ಲಿ ಸಿಕ್ಕ ಮೂರು ಮೊಟ್ಟೆಗಳನ್ನು ಕೋಳಿಯ ಕಾವಿಗಿಟ್ಟು ಮೂರು ನವಿಲು ಸಾಕಿದ್ದಳು. ಎರಡು ಗಂಡು, ಒಂದು ಹೆಣ್ಣು. ಮೊದಲು ಮೊಟ್ಟೆಯೊಡೆದು ಬಂದವನು ಅಣ್ಣ, ಆಮೇಲೆ ಬಂದವನು ತಮ್ಮ, ಕೊನೆಯವಳು ತಂಗಿ. ಹೊನ್ನಿ ಅವುಗಳ ಜೊತೆ ಮಾತಾಡುವಷ್ಟು ಅವ್ವನ ಜೊತೆಯೂ ಮಾತಾಡುತ್ತಿರಲಿಲ್ಲ.

ಈಗ ಸ್ವಲ್ಪ ಹತ್ತಿರ ಬಂದು ಕೂತುಕೋ. ನೆಲದ ಕೆಳಗೆ ಒಂದು ಇತ್ತು. ಅದಕ್ಕೆ ಹೆಸರಿಲ್ಲ, ಹೆಸರಿಡಲು ಅದನ್ನು ನೋಡಿದವರಿಲ್ಲ. ಹಿರಿಯರು ಅದನ್ನು 'ಕೆಳಗಿನದು' ಎನ್ನುತ್ತಿದ್ದರು, ಅದೂ ಮೆಲ್ಲಗೆ. ಕೆಳಗಿನದಕ್ಕೆ ಸ್ವಂತ ದನಿ ಇರಲಿಲ್ಲ. ಬೇರೆಯವರ ದನಿಗಾಗಿ ಅದು ಹಸಿದಿರುತ್ತಿತ್ತು. ಹೊತ್ತು ಮುಳುಗಿ, ನೆರಳುಗಳೆಲ್ಲ ಒಂದಕ್ಕೊಂದು ಸೇರುವ ಸಮಯಕ್ಕೆ ಮಣ್ಣಿನ ಹತ್ತಿರ ಬಂದು ಕಿವಿ ಕೊಡುತ್ತಿತ್ತು.

ಒಂದು ಸಂಜೆ ನೆರೆಯವರ ಕುರಿಮರಿ ಕಾಣೆಯಾಯಿತು. ಮಾರನೆಯ ಸಂಜೆ ಅದರ ದನಿ ಕೇಳಿಸಿತು, 'ಬ್ಯಾ, ಬ್ಯಾ' ಎಂದು. ತಾಯಿ ಕುರಿ ಹೊಲವೆಲ್ಲ ಸುತ್ತಿತು. ದನಿ ಬರುತ್ತಿದ್ದದ್ದು ಮಣ್ಣಿನ ಒಳಗಿಂದ.

ಹೊನ್ನಿ ಅವ್ವನ ಸೆರಗು ಹಿಡಿದಳು. "ಯವ್ವಾ, ನನ್ನ ನವಿಲಿಗೊಂದು ಗೂಡು ಮಾಡಿಕೊಡು. ಗಟ್ಟಿ ಗೂಡು."

"ಅಷ್ಟ್ಯಾಕ ಅಳ್ತಿ? ನಾ ಹೆಣದಿದ್ದು ಯಾವತ್ತರ ಬಿಚ್ಚೇತೇನು?" ಎಂದಳು ಕೆಂಚವ್ವ.

ನಿಜಕ್ಕೂ ಅವಳ ಕೈ ಕೆಲಸ ಅಂಥದ್ದು. ಬಲಿತ ಬಿದಿರು ಕಡಿದು ತಂದಳು. ನವಿಲಿನ ಬಾಲ ಮಡಚಬಾರದೆಂದು ಗೂಡನ್ನು ಮನೆಯಷ್ಟು ಅಗಲ ಮಾಡಿದಳು. ಕಾಡುಬೆಕ್ಕು ಹತ್ತಿ ಇಳಿಯಬಾರದೆಂದು ಮೇಲೆಯೂ ಹೆಣೆದಳು. ಹಕ್ಕಿಗಳು ಕೂರಲು ಎತ್ತರದಲ್ಲಿ ಒಂದು ಅಡ್ಡಗೋಲು ಕಟ್ಟಿದಳು. ಬಾಗಿಲಿಗೆ ಮರದ ಅಗಳಿ ಹಾಕಿದಳು.

ಗಾಳಿ ಬಂದು ನೋಡಿತು. "ಕೆಂಚವ್ವಾ, ನಾನು ಆರಾಮಾಗಿ ಒಳಗ ಹೋಗಿ ಬಂದೆ. ನಾ ಹೋದಲ್ಲಿ ಹಾವೂ ಹೋಗತೈತಿ."

ಕೆಂಚವ್ವ ಇನ್ನೂ ಒತ್ತಾಗಿ ಹೆಣೆದಳು. ಗಾಳಿ ಮತ್ತೆ ಬಂತು, ಈ ಸಲ ಸಿಳ್ಳೆಯಷ್ಟು ಸಣ್ಣಗಾಗಿ ಮಾತ್ರ ಒಳಗೆ ಹೋಯಿತು. "ಈಗ ಹಾವು ಹೋಗಂಗಿಲ್ಲ," ಎಂದಿತು.

ಆಗ ಹಳ್ಳ ಕೇಳಿತು, "ಕೆಂಚವ್ವಾ, ಕೆಳಗ?"

"ಕೆಳಗ ನೆಲ ಐತಲ್ಲ."

"ನೆಲದಾಗ ನಾ ದಿನಾ ಇಳೀತೀನಿ. ಇಳಿಯೋ ದಾರಿ ಐತಿ ಅಂದಮ್ಯಾಲ ಏರೋ ದಾರೀನೂ ಐತಿ. ಕೆಳಗೂ ಹೆಣಿ."

ಕೆಂಚವ್ವನಿಗೆ ಸಿಟ್ಟು ಬಂತು. ಬುಟ್ಟಿ ಹೆಣೆಯುವವರಲ್ಲಿ ಒಂದು ಪದ್ಧತಿ ಇತ್ತು. ಹೆಣೆದದ್ದಕ್ಕೆ ಒಂದು ಬಾಯಿ ಬಿಡಬೇಕು. ಬದುಕಿರುವವರ ಬೆನ್ನ ಕೆಳಗೆ ಬಿದಿರು ಹಾಸಬಾರದು, ಹಾಗೆ ಹಾಸುವುದು ಹೆಣ ಹೊರುವ ಚಟ್ಟಕ್ಕೆ ಮಾತ್ರ. "ಜೀವ ಇರೋ ಹಕ್ಕಿಗೆ ಚಟ್ಟ ಹಾಸಲೇನು? ನಿನ್ನ ಬುದ್ಧಿ ನೀರಾಗ ಇಟ್ಕೋ," ಎಂದಳು. ಹಳ್ಳ ಬೇಸರದಿಂದ ಮುಂದೆ ಹೋಯಿತು.

ಹೀಗೆ ಆ ಗೂಡು ಬೋರಲು ಹಾಕಿದ ದೊಡ್ಡ ಬುಟ್ಟಿಯಂತೆ ನಿಂತಿತು. ಅದರ ಬಾಯಿ ನೆಲದ ಕಡೆಗಿತ್ತು.

ಮಾರನೆಯ ಬೆಳಿಗ್ಗೆ ಹೊನ್ನಿ ಜೋಳ ಹಿಡಿದು ಹೋದಳು. ಅಡ್ಡಗೋಲಿನ ಮೇಲೆ ತಮ್ಮ ಮತ್ತು ತಂಗಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ಅಣ್ಣ ಇರಲಿಲ್ಲ. ಅವನಿಗೆ ನೆಲದ ಮೇಲೆ ಮಲಗುವ ಅಭ್ಯಾಸ. ಗೋಡೆಯಲ್ಲಿ ಒಂದು ಬಿದಿರ ದಬ್ಬೆಯೂ ಮುರಿದಿರಲಿಲ್ಲ, ಅಗಳಿ ಹಾಕಿದ್ದು ಹಾಕಿದಂತೇ ಇತ್ತು. ಅವನು ಮಲಗಿದ್ದ ಜಾಗದಲ್ಲಿ ಮಣ್ಣು ಮಾತ್ರ ಆಗಷ್ಟೇ ಉತ್ತ ಹಾಗೆ ಸಡಿಲವಾಗಿತ್ತು.

ಕೆಂಚವ್ವ ಬಿದಿರು ತಂದಳು. ಅಳುತ್ತಲೇ ಗೂಡಿನ ತಳವನ್ನು ಹೆಣೆದಳು. ಅಜ್ಜ ಮುತ್ತಜ್ಜರು ಮಾಡದಿದ್ದದ್ದನ್ನು ಅವಳ ಕೈ ಮಾಡುತ್ತಿತ್ತು. ತಳವನ್ನು ಗೋಡೆಗೆ ಸೇರಿಸಿ ಬಿಗಿದು, ಅದರ ಮೇಲೆ ಮರಳು ಹರಡಿದಳು. ಇನ್ನು ಬಾಗಿಲೊಂದನ್ನು ಬಿಟ್ಟರೆ ಆ ಗೂಡಿಗೆ ಬೇರೆ ದಾರಿ ಇರಲಿಲ್ಲ.

ಆ ಸಂಜೆ ಕೆಳಗಿನದು ಬಂತು. ತಳಕ್ಕೆ ತಲೆ ತಾಗಿಸಿತು. ಕಟ ಕಟ ಎಂದು ಬಿದಿರು ಸದ್ದು ಮಾಡಿತು, ದಾರಿ ಬಿಡಲಿಲ್ಲ. ಆಮೇಲೆ ಅಂಗಳದ ಮಣ್ಣಿನ ಒಳಗಿಂದ ಅಣ್ಣ ನವಿಲಿನ ದನಿ ಬಂತು. ಅದೇ ಇಂಪು. "ಹೊನ್ನೀ, ನಾನಿಲ್ಲೇ ಇದ್ದೀನಿ. ಹೊನ್ನೀ..."

ಕಾಣದವರು ಕರೆದರೆ ಓಗೊಡಬಾರದು ಎಂದು ನಿನಗೆ ಎಷ್ಟು ಸಲ ಹೇಳಿದ್ದೇನೆ? ಹೊನ್ನಿಗೂ ಅವರವ್ವ ಹೇಳಿದ್ದಳು. ಆದರೆ ಪ್ರೀತಿ ಇದ್ದ ಕಡೆ ಬುದ್ಧಿಮಾತು ನಿಲ್ಲುವುದಿಲ್ಲ. ಹೊನ್ನಿ ಅಂಗಳದಲ್ಲಿ ಮೊಣಕಾಲೂರಿ, ನೆಲಕ್ಕೆ ಬಾಯಿಟ್ಟು, "ಓ ಅಣ್ಣಾ, ಬಂದೆ!" ಎಂದಳು.

ಅಷ್ಟೇ. ಆ ಮಾತು ಮಣ್ಣಿಗೆ ಇಳಿಯಿತು. ಅವಳ ದನಿಯೂ ಅದರ ಜೊತೆ ಇಳಿಯಿತು. ಎದ್ದು 'ಅವ್ವಾ' ಎನ್ನಲು ಬಾಯಿ ತೆರೆದಳು, ಉಸಿರು ಬಂತು, ಸದ್ದು ಬರಲಿಲ್ಲ. ಕೆಂಚವ್ವ ಗಂಟಲು ಕಟ್ಟಿದೆ ಎಂದುಕೊಂಡು ಬಿಸಿನೀರು ಕುಡಿಸಿ ಮಲಗಿಸಿದಳು.

ಮಾರನೆಯ ದಿನವೆಲ್ಲ ಹೊನ್ನಿ ಚಾಪೆಯ ಮೇಲೇ ಇದ್ದಳು. ಹೊತ್ತು ಮುಳುಗುವ ಹೊತ್ತಿಗೆ ಕೆಂಚವ್ವ ಹಳ್ಳದಲ್ಲಿ ಬಿದಿರು ನೆನೆಹಾಕುತ್ತಿದ್ದಳು. ಗೂಡಿನ ಕಡೆಯಿಂದ ಮಗಳ ಕೂಗು ಕೇಳಿಸಿತು.

"ಯವ್ವಾ! ನಾ ಗೂಡಿನಾಗ ಸಿಕ್ಕೊಂಡೀನಿ. ಅಗಳಿ ತಗಿಯವ್ವಾ!"

ಕೆಂಚವ್ವ ಓಡಿದಳು. ಯಾವ ತಾಯಿ ತಾನೇ ಓಡುವುದಿಲ್ಲ? ಮಗಳ ದನಿ ವಾಪಸ್ ಬಂತೆಂಬ ಸಂತೋಷ ಬೇರೆ. ಅವಳು ಎರಡೂ ಕೈಯಿಂದ ಅಗಳಿ ಹಿಡಿದಳು.

ಒಳಗೆ ಎತ್ತರದ ಅಡ್ಡಗೋಲಿನ ಮೇಲಿದ್ದ ತಮ್ಮ ನವಿಲಿಗೆ ಒಳಗೂ, ಹೆಣಿಗೆಯ ಸಂದಿಯಿಂದ ಹೊರಗೂ ಕಾಣುತ್ತಿತ್ತು. ಗೂಡಿನಲ್ಲಿ ಹೊನ್ನಿ ಇರಲಿಲ್ಲ. ಕೆಂಚವ್ವನ ಕಾಲ ಬಳಿ, ಹೊಸ್ತಿಲ ಹತ್ತಿರದ ಮಣ್ಣು ಉಬ್ಬುತ್ತಿತ್ತು. ದೂರದಲ್ಲಿ ಗುಡಿಸಲ ಬಾಗಿಲಲ್ಲಿ ನಿಜವಾದ ಹೊನ್ನಿ ನಿಂತು, ಎರಡೂ ಕೈ ಬೀಸುತ್ತ, ಸದ್ದಿಲ್ಲದೆ ಬಾಯಿ ತೆರೆಯುತ್ತಿದ್ದಳು. ಕೆಂಚವ್ವನ ಬೆನ್ನು ಆ ಕಡೆಗಿತ್ತು.

"ತೆಗೀಬ್ಯಾಡ ಕೆಂಚವ್ವಾ! ಹಿಂದ ನೋಡು!" ಎಂದಿತು ತಮ್ಮ ನವಿಲು, ತನ್ನ ಇಂಪಾದ ದನಿಯಲ್ಲಿ.

ಅಣ್ಣನದೂ ಅದೇ ಇಂಪು ಅಲ್ಲವೇ? ನಿನ್ನೆ ಸಂಜೆಯೆಲ್ಲ ಆ ಇಂಪು ಮಣ್ಣಿನ ಒಳಗಿಂದ ಬಂದದ್ದನ್ನು ಕೆಂಚವ್ವ ಕೇಳಿದ್ದಳು. "ಥೂ ಕೆಳಗಿನದೇ, ನಿನ್ನ ಆಟ ನಂಗೊತ್ತು! ನನ್ನ ಮಗಳನ್ನ ಒಳಗಿಟ್ಟು ಸಾಯಿಸ್ಬೇಕಂತೀಯಾ?" ಎಂದು ಅಗಳಿ ಎಳೆಯತೊಡಗಿದಳು. ಅಗಳಿ ಅರ್ಧ ಸರಿಯಿತು.

ತಮ್ಮ ನವಿಲಿಗೆ ಅರ್ಥವಾಯಿತು. ತನ್ನ ದನಿ ಇಂಪಾಗಿರುವ ತನಕ ಅದನ್ನು ಯಾರೂ ನಂಬುವುದಿಲ್ಲ. ಅದು ಗೋಡೆಯಿಂದ ಒಂದು ಹಸಿ ಸಿಬಿರನ್ನು ಕೊಕ್ಕಿನಿಂದ ಕಿತ್ತಿತು. ಚೂಪಾದ, ಉದ್ದನೆಯ ಬಿದಿರ ಸಿಬಿರು. ಒಮ್ಮೆ ತಂಗಿಯನ್ನು ನೋಡಿತು. ಕಣ್ಣು ಮುಚ್ಚಿ ನುಂಗಿತು.

ಆಮೇಲೆ ಕೂಗಿತು.

ಅಂಥ ಕೂಗನ್ನು ಅಲ್ಲಿಯವರೆಗೆ ಲೋಕ ಕೇಳಿರಲಿಲ್ಲ. ಗಾಳಿ ಅಲ್ಲೇ ನಿಂತುಬಿಟ್ಟಿತು. ಹಳ್ಳದ ನೀರು ಒಂದು ಗಳಿಗೆ ಹರಿಯುವುದನ್ನು ಮರೆಯಿತು. ಕೆಂಚವ್ವ ಬೆಚ್ಚಿ ತಿರುಗಿದಳು. ತಿರುಗಿದವಳಿಗೆ ಗುಡಿಸಲ ಬಾಗಿಲಲ್ಲಿ ನಿಂತ ಮಗಳು ಕಂಡಳು. ಹೊನ್ನಿಯ ಬಾಯಿ ಮುಚ್ಚಿತ್ತು. ಆದರೂ ಕಾಲ ಬುಡದಿಂದ ಹೊನ್ನಿಯ ದನಿ ಬರುತ್ತಲೇ ಇತ್ತು, "ತಗಿಯವ್ವಾ, ತಗಿ, ಲಗೂನ ತಗಿ..."

ಕೆಂಚವ್ವ ಅಗಳಿಯನ್ನು ಧಡಕ್ಕನೆ ತಳ್ಳಿ ಬಾಗಿಲನ್ನು ಮತ್ತೆ ಭದ್ರ ಮಾಡಿದಳು.

ಕೆಳಗಿನದು ಆ ಹೊಸ ಕೂಗನ್ನೂ ಕದಿಯಲು ನೋಡಿತು. ಎಷ್ಟು ಯತ್ನಿಸಿದರೂ ಅದಕ್ಕೆ ಬರಲಿಲ್ಲ, ಸ್ವಂತ ಗಂಟಲು ನೋಯದೆ ಆ ಕೂಗು ಹೊರಡುವುದಿಲ್ಲ. ಸಿಟ್ಟಿಗೆ ತನ್ನಲ್ಲಿದ್ದ ದನಿಗಳನ್ನೆಲ್ಲ ಒಟ್ಟಿಗೇ ಬಿಟ್ಟಿತು. ಕುರಿಮರಿ, ಅಣ್ಣ ನವಿಲು, ಹೊನ್ನಿ, ಹೆಸರೇ ಗೊತ್ತಿಲ್ಲದ ಇನ್ನೂ ಎಷ್ಟೋ ಜನ ಅಂಗಳದ ಕೆಳಗಿಂದ ಕರೆದರು. ಉಬ್ಬಿದ್ದ ಮಣ್ಣು ನಿಧಾನಕ್ಕೆ ಇಳಿಯಿತು, ದನಿಗಳೂ ಇಳಿದವು.

ಹೊನ್ನಿಯ ದನಿ ವಾಪಸ್ ಬಂತಾ ಎಂದು ಕೇಳುತ್ತೀಯಾ? ಇಲ್ಲ ಮಗು, ಬರಲಿಲ್ಲ. ನನಗೂ ಈ ಜಾಗ ಹೇಳುವಾಗ ಬೇಜಾರಾಗುತ್ತದೆ. ಆದರೆ ಅವಳು ದಿನವೂ ತಮ್ಮ ನವಿಲಿನ ಮುಂದೆ ಕೂತು ಅದು ಕೂಗಿದ ಹಾಗೆ ಕೂಗಲು ಕಲಿತಳು. ಮೊದಲು ಗೊರಗೊರ, ಆಮೇಲೆ ಕರ್ಕಶ, ಆಮೇಲೆ ಒಂದು ದಿನ ಒಂದು ಮಾತು. ಆ ಒರಟು ದನಿಯಲ್ಲಿ 'ಯವ್ವಾ' ಎಂದಾಗ ಕೆಂಚವ್ವ ಹೆಣೆಯುತ್ತಿದ್ದ ಬುಟ್ಟಿ ಬಿಟ್ಟು ಬಂದು ಮಗಳನ್ನು ಅಪ್ಪಿಕೊಂಡಳು. "ಇದು ನನ್ನ ಮಗಳದೇ ದನಿ. ಇದನ್ನ ಯಾರೂ ಕದ್ದಿಲ್ಲ," ಎಂದು ಅತ್ತಳು. ಆಮೇಲೆ ಹೊನ್ನಿಯ ಹಿಂದಿನ ಇಂಪಾದ ದನಿ ಯಾವಾಗಲಾದರೂ ಹೊಲದ ಕಡೆಯಿಂದ ತನ್ನನ್ನು ಕರೆದರೆ, ಕೆಂಚವ್ವ ತಿರುಗಿಯೂ ನೋಡುತ್ತಿರಲಿಲ್ಲ. ಕಣ್ಣಲ್ಲಿ ಮಾತ್ರ ನೀರು ಬರುತ್ತಿತ್ತು.

ತಮ್ಮ ನವಿಲಿನ ಗಂಟಲ ಸಿಬಿರನ್ನು ತೆಗೆಯಲು ಎಲ್ಲರೂ ನೋಡಿದರು. ಯಾರು ಕೈ ಚಾಚಿದರೂ ಅದು ಕೊಕ್ಕು ತೆರೆಯಲೇ ಇಲ್ಲ. ಅದರ ಮಕ್ಕಳು, ಮೊಮ್ಮಕ್ಕಳು ಎಲ್ಲ ಆ ಸಿಬಿರಿನ ದನಿಯನ್ನೇ ಪಡೆದು ಹುಟ್ಟಿದವು.

ಅದಕ್ಕೇ ಇವತ್ತಿಗೂ ಹೊತ್ತು ಮುಳುಗುವಾಗ ನವಿಲು ನೆಲ ಬಿಟ್ಟು ಮರದ ಎತ್ತರದ ಕೊಂಬೆಗೆ ಏರಿ, ಗಂಟಲು ಸೀಳಿದವರ ಹಾಗೆ ಕೂಗಿ ತನ್ನವರಿಗೆ 'ಇದು ನಾನೇ' ಎಂದು ಹೇಳುತ್ತದೆ. ಆ ಕೂಗು ನಿನ್ನ ಕಿವಿಗೆ ಒರಟಾಗಿ ಕೇಳಿಸುವಷ್ಟು ದಿನ ನೀನು ಹೆದರಬೇಕಾದ್ದಿಲ್ಲ.