ಓಣಿಗೆ ಕೊಟ್ಟ ಕರೆಂಟು

ಶಿಷ್ಯನು ಕೇಳಿದನು: “ಗುರುಗಳೇ, ನಮ್ಮಲ್ಲಿ ಹೆಚ್ಚಾಗಿರುವುದನ್ನು ಇಲ್ಲದವರಿಗೆ ಕೊಡುವುದು ತಪ್ಪೇ?”

“ತಪ್ಪೆಂದು ಯಾರು ಹೇಳಿದರು?”

“ಬಾಯಿಬಿಟ್ಟು ಯಾರೂ ಹೇಳಲಿಲ್ಲ. ನನ್ನ ಗೆಳೆಯನ ಹೆಂಡತಿ ತೀರಿಕೊಂಡು ನಾಲ್ಕು ದಿನವಾಯಿತು. ನಿನ್ನೆ ಅವನ ಮನೆಗೆ ಹೋಗಿದ್ದೆ. ದೇಹದ ಬಗ್ಗೆ, ಅಗಲಿಕೆಯ ಬಗ್ಗೆ ತಮ್ಮಿಂದ ಕಲಿತದ್ದನ್ನೆಲ್ಲ ಹೇಳಿದೆ. ಅವನು ನನ್ನ ತೋಳು ಹಿಡಿದು ಹೊರಗೆ ನೂಕಿ ಬಾಗಿಲು ಹಾಕಿಕೊಂಡ. ಇನ್ನು ಅವನ ಮನೆಯ ಮೆಟ್ಟಿಲು ಹತ್ತಬಾರದೆಂದು ನಿಶ್ಚಯಿಸಿದ್ದೇನೆ.”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹೆಂಗಸು ಶ್ಯಾವಿಗೆ ಮಾಡಿಕೊಟ್ಟು ಬದುಕುತ್ತಿದ್ದಳು. ಮೊದಲು ಮಣೆಯ ಮೇಲೆ ಕೈಯಿಂದಲೇ ಹೊಸೆದಳು. ಆಮೇಲೆ ಯಂತ್ರ ಕೊಂಡಳು. ಆಮೇಲೆ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದಳು. ಯಾರ ಮುಂದೆಯೂ ಕೈಚಾಚಿರಲಿಲ್ಲ. ಹಗಲು ಅವಳ ಯಂತ್ರ ಓಡಿ ಮಿಕ್ಕ ವಿದ್ಯುತ್ತು ಬೀದಿಯ ತಂತಿಗೆ ಹೋಗುತ್ತಿತ್ತು. ಓಣಿಯ ಫ್ಯಾನುಗಳು ತನ್ನ ಮಾಳಿಗೆಯಿಂದ ತಿರುಗುತ್ತವೆ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಅದು ನಿಜವೂ ಆಗಿತ್ತು.

ಆದರೆ ಬೀದಿಯ ತಂತಿಯಲ್ಲಿ ವಿದ್ಯುತ್ತು ನಿಂತರೆ ಮಾಳಿಗೆಯ ಸೋಲಾರ್ ಕೂಡ ತಾನಾಗಿಯೇ ನಿಲ್ಲುತ್ತದೆ. ಎಷ್ಟು ಬಿಸಿಲಿದ್ದರೂ ಅಷ್ಟೇ. ತಂತಿಯ ಮೇಲೆ ಕೆಲಸ ಮಾಡುವವನ ಜೀವಕ್ಕಾಗಿ ಇರುವ ಕಟ್ಟಳೆ ಅದು. ಅವಳಿಗೆ ಇದು ಒಗ್ಗಲಿಲ್ಲ. ಒಂದು ಹಳೆಯ ಜನರೇಟರ್ ತಂದು, ಅದರ ಬಲದಿಂದ ಸೋಲಾರನ್ನು ಎಬ್ಬಿಸುವ ಉಪಾಯವನ್ನು ತಾನೇ ಕಂಡುಕೊಂಡಳು. ಲೈನ್‌ಮನ್ ನೋಡಿ ಬೈದ. ಅವಳು ಬಿಡಲಿಲ್ಲ. ಕೊನೆಗೆ ಅವನು ಅವಳಿಂದ ಒಂದು ಮಾತು ತೆಗೆದುಕೊಂಡ. ಜನರೇಟರ್ ಹಚ್ಚುವ ಮೊದಲು ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆ ಎಳೆಯಬೇಕು. ಆಗ ಮನೆಗೂ ಬೀದಿಗೂ ಸಂಬಂಧ ಕಡಿಯುತ್ತದೆ. ಎರಡು ಬೇಸಿಗೆ ಅವಳು ಮಾತು ತಪ್ಪಲಿಲ್ಲ.

ಮೂರನೆಯ ಬೇಸಿಗೆಯ ಒಂದು ಮಧ್ಯಾಹ್ನ ಲೈನ್‌ಮನ್ ಅವಳ ಬಾಗಿಲಿಗೆ ಬಂದು ಹೇಳಿದ: “ಅಕ್ಕಾರ, ಲೈನ್ ಬಂದ್ ಮಾಡೀನಿ. ಮೂಲಿ ಕಂಬ ಹತ್ತತೀನಿ. ಅರ್ಧ ತಾಸು ಜನರೇಟರ್ ಮುಟ್ಟಬ್ಯಾಡ್ರಿ.”

“ನೀ ಹತ್ತಪಾ. ನನಗೇನ ಕಲಸ್ತೀ?” ಎಂದಳು ಅವಳು.

ಬಂದ್ ಮಾಡಿದ ಲೈನಿನಲ್ಲಿ ಆ ಕಂಬದಿಂದ ಈಚೆಗೆ ನಾಲ್ಕೇ ಮನೆಗಳಿದ್ದವು; ಅಷ್ಟಕ್ಕೆ ಅವಳ ಮಾಳಿಗೆಯ ವಿದ್ಯುತ್ತು ಸಾಲುತ್ತಿತ್ತು. ಅರ್ಧ ತಾಸು ಅವಳು ಕೈಕಟ್ಟಿ ಕುಳಿತಳು. ನಾದಿಟ್ಟ ಹಿಟ್ಟು ಒಣಗತೊಡಗಿತು. ಶ್ಯಾವಿಗೆಗೆ ಬಂದಿದ್ದ ಐವರು ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬಳು ಎದುರು ಮನೆಯ ಸೊಸೆ. ಅವಳ ಅತ್ತೆ ಹಾಸಿಗೆ ಹಿಡಿದಿದ್ದಳು.

ಸೊಸೆ ಹೇಳಿದಳು: “ಓಣಿಗೆಲ್ಲ ನಾನ ಕರೆಂಟ್ ಕೊಡತೀನಿ ಅಂತಿದ್ದೆಲ್ಲ ಅಕ್ಕಾ? ನಮ್ಮತ್ತಿ ಅಲ್ಲಿ ಬೇಯಾಕತ್ತಾಳ. ನೀ ಜನರೇಟರ್ ಹಚ್ಚಿದಾಗೆಲ್ಲ ನಿನ್ನ ಮನ್ಯಾಗಷ್ಟ ಗಾಳಿ. ಸೂರ್ಯನ್ನೂ ನಿನ್ನ ಹೆಸರಿಗೆ ಬರಸಿಕೊಂಡೀ ಏನು?”

ಉಳಿದವರು ನಕ್ಕರು.

ಅವಳು ಎದ್ದು ಒಳಗೆ ಹೋದಳು. ಹಿಡಿಯ ಮೇಲೆ ಕೈಯಿಟ್ಟಳು. ಎಳೆದರೆ ವಿದ್ಯುತ್ತು ತನ್ನೊಬ್ಬಳಿಗೆ. ಎಳೆಯದಿದ್ದರೆ ಓಣಿಗೆ. ಅರ್ಧ ತಾಸು ಕಳೆದಿತ್ತು, ಅವನು ಇಳಿದಿರಬೇಕು. ಇಪ್ಪತ್ತು ಹೆಜ್ಜೆ ನಡೆದರೆ ಓಣಿಯ ತಿರುವಿನಲ್ಲಿ ಕಂಬ ಕಾಣುತ್ತಿತ್ತು. ಐವರೂ ಅವಳನ್ನೇ ನೋಡುತ್ತಿದ್ದರು. ಅವಳು ನಡೆಯಲಿಲ್ಲ. ಹಿಡಿಯನ್ನು ಎಳೆಯಲಿಲ್ಲ. ಜನರೇಟರ್ ಹಚ್ಚಿದಳು.

ಎದುರು ಮನೆಯಲ್ಲಿ ಫ್ಯಾನ್ ತಿರುಗಿತು. “ಬಂತು, ಬಂತು!” ಎಂದು ಸೊಸೆ ಕೂಗಿದಳು. ಯಂತ್ರದ ಬಾಯಿಂದ ಶ್ಯಾವಿಗೆಯ ಎಳೆಗಳು ಇಳಿಯತೊಡಗಿದವು. ಅವು ಗೇಣುದ್ದ ಬೆಳೆಯುವ ಮೊದಲೇ ತಿರುವಿನ ಕಡೆಯಿಂದ ಒಂದು ಚೀತ್ಕಾರ ಕೇಳಿತು. ಒಂದೇ ಒಂದು.

ಅವಳು ಹಿಟ್ಟಿನ ಕೈಯಲ್ಲೇ ಹಿಡಿಯನ್ನು ಕೆಳಗೆ ಎಳೆದು ಓಡಿದಳು. ಲೈನ್‌ಮನ್ ಸೊಂಟದ ಪಟ್ಟಿಯಿಂದ ಕಂಬಕ್ಕೆ ಜೋತುಬಿದ್ದಿದ್ದ. ಜನ ಏಣಿ ತರುವವರೆಗೂ ಅವಳು ಬುಡದಲ್ಲಿ ನಿಂತು ಅವನ ಹೆಸರು ಹಿಡಿದು ಕೂಗಿದಳು. ಅವನು ಓಗೊಡಲಿಲ್ಲ.

ಜೀವ ಉಳಿಯಿತು. ಬಲಗೈಯ ಮೂರು ಬೆರಳುಗಳು ಉಳಿಯಲಿಲ್ಲ.

ಹತ್ತನೆಯ ದಿನ ಅವಳು ಆಸ್ಪತ್ರೆಗೆ ಹೋದಳು. ಯಾರ ಮುಂದೆಯೂ ತಗ್ಗದವಳು ಅವನ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. “ತಮ್ಮಾ, ನಾ ಕೆಟ್ಟದ್ದು ಎಣಿಸಲಿಲ್ಲೋ. ಆ ಮುದುಕಿಗೆ ಒಂದೀಟು ಗಾಳಿ ಬರಲಿ ಅಂತ ಕೊಟ್ಟೆ” ಎಂದಳು.

ಅವನು ಬಟ್ಟೆ ಸುತ್ತಿದ ಕೈಯನ್ನು ನೋಡಿದ. “ನೀವು ಕೊಟ್ಟ ಕರೆಂಟಿನ್ಯಾಗ ಏನೂ ದೋಷ ಇಲ್ರಿ ಅಕ್ಕಾರ” ಎಂದ. “ನಾ ಇನ್ನೂ ಮ್ಯಾಲಿದ್ದೆ.”

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನು ತಲೆಯೆತ್ತಿ ಹೇಳಿದನು: “ಆದರೆ ಗುರುಗಳೇ, ನಾನು ಅವನಿಗೆ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.”

ಗುರುಗಳು ಕೇಳಿದರು: “ನೀನು ಹೋದಾಗ ನಿನ್ನ ಗೆಳೆಯ ಕಂಬದಿಂದ ಇಳಿದಿದ್ದನೇ?”