ಹಲ್ಲಿಯ ಸಾಕ್ಷಿ

ಅಳಿಲು ಐದು ವರ್ಷ ಕೂತು ಬರೆದ ಶಾಸನಗಳ ಮಹಾಪ್ರಬಂಧ ವಿಶ್ವವಿದ್ಯಾಲಯದ ಕಪಾಟಿನಿಂದ ಕಾಣೆಯಾಯಿತು. "ಗೆದ್ದಲು ತಿಂದಿದೆ," ಎಂದಿತು ವಿಚಾರಣೆಯ ಸಭೆಯಲ್ಲಿ ಅದರ ಮಾರ್ಗದರ್ಶಿ ಪ್ರೊಫೆಸರ್ ನವಿಲು. ಸರಿಯಾಗಿ ಅದೇ ಹೊತ್ತಿಗೆ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. "ನೋಡಿ, ಹಲ್ಲಿಯೂ ಹೂಂ ಎಂದಿತು! ಸತ್ಯ, ಸತ್ಯ!" ಎಂದು ಸಭೆಯವರೆಲ್ಲ ಮೇಜು ಕುಟ್ಟಿದರು. ಅಂದೇ ಗೆದ್ದಲಿನ ಗೂಡಿಗೆ ಔಷಧಿ ಹೊಡೆಸಿದರು.

ಕೋಪಕ್ಕೆ ಹಲ್ಲಿಯ ಮೈಯೆಲ್ಲ ಉರಿದುಹೋಯಿತು. ತಾನು ಲೊಚಗುಟ್ಟಿದ್ದು ಬಾಯಿಗೆ ಬಂದ ನೊಣ ತಪ್ಪಿಸಿಕೊಂಡ ಸಿಟ್ಟಿಗೆ. ಅದನ್ನೇ ಸಾಕ್ಷಿ ಮಾಡಿಕೊಂಡು ಬಡಪಾಯಿಗಳ ಮನೆ ಹಾಳುಮಾಡುವುದೇ? ನೆಟ್ಟಗೆ ಕಪಾಟಿಗೆ ನುಗ್ಗಿತು. ಗೆದ್ದಲು ಬಂದಿದ್ದರೆ ಮಣ್ಣಿರಬೇಕಿತ್ತು. ಒಂದು ಚಿಟಿಕೆಯೂ ಇರಲಿಲ್ಲ. ಅಲ್ಲಿಂದ ನವಿಲಿನ ಮೇಜಿಗೆ ಹಾರಿತು. ಬಿಡುಗಡೆಗೆ ಕಾದಿದ್ದ ಅದರ ಹೊಸ ಪುಸ್ತಕದ ತುಂಬ 'ಶಾಸನ' ಇರಬೇಕಾದಲ್ಲೆಲ್ಲ 'ಶಾಶನ' ಎಂದಿತ್ತು. ಹಾಗೆ ಬರೆದು ನವಿಲಿನಿಂದ ದಿನಾ ಬೈಸಿಕೊಳ್ಳುತ್ತಿದ್ದುದು ಅಳಿಲೊಂದೇ. "ಥೂ, ಕದ್ದದ್ದನ್ನು ಓದಿಯೂ ನೋಡಿಲ್ಲ ಇದು!" ಎಂದು ಹಲ್ಲಿ ಹಲ್ಲು ಕಡಿಯಿತು.

ಬಿಡುಗಡೆಯ ದಿನ ನವಿಲು ಗರಿ ಬಿಚ್ಚಿಕೊಂಡು, "ಇದರ ಒಂದೊಂದು ಅಕ್ಷರವೂ ನನ್ನದು," ಎಂದು ಗೋಡೆಯತ್ತ ನೋಡಿತು. ಹಲ್ಲಿ ಲೊಚಗುಟ್ಟಲಿಲ್ಲ.

"ಮೊದಲ ಪುಟದ 'ಶಾಶನ'ವೂ ತಮ್ಮದೇನು, ಸ್ವಾಮಿ?" ಎಂದು ಕೇಳಿತು.

ನವಿಲು ಪುಟ ನೋಡಿ ಕೆರಳಿತು. "ಛೀ! ನಾನು ಹಾಗೆ ಬರೆಯುತ್ತೇನೆಯೇ? ಅದು ಅಳಿಲಿನ ತಪ್ಪು!"

ಆಗ ಹಲ್ಲಿ ಜೋರಾಗಿ ಲೊಚಗುಟ್ಟಿತು. ಈ ಸಲ ಮೇಜು ಕುಟ್ಟಲು ಒಬ್ಬರ ಕೈಯೂ ಏಳಲಿಲ್ಲ.